ಸರಾಸರಿಯಿಂದ ಬೆಲೆ ಎಷ್ಟು ದೂರ? ಷೇರು ವ್ಯವಹಾರದ ಒಂದು ಅಳತೆಗೋಲು

ಗೋದಾಮಿನಲ್ಲಿರುವ ಸರಕು ಸರಾಸರಿ ಯಾವ ದರಕ್ಕೆ ಬಿದ್ದಿದೆ ಎಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದಿರುವ ಸಂಗತಿ. ತಿಪಟೂರಿನ ಕೊಬ್ಬರಿ ವ್ಯಾಪಾರಿಯಾಗಲಿ, ಶಿರಸಿಯ ಅಡಿಕೆ ವ್ಯಾಪಾರಿಯಾಗಲಿ, ಇಂದಿನ ಹರಾಜಿನ ದರವನ್ನು ಕಳೆದ ಕೆಲವು ವಾರಗಳ ದರದೊಡನೆ ಹೋಲಿಸಿ ನೋಡದೆ ಖರೀದಿಗೆ ಕೈಹಾಕುವುದಿಲ್ಲ. ದರವು ಸರಾಸರಿಗಿಂತ ತೀರ ಮೇಲೇರಿದ್ದರೆ ಆತನು ಅಗತ್ಯಕ್ಕೆ ತಕ್ಕಷ್ಟು ಮಾತ್ರ ಕೊಳ್ಳುತ್ತಾನೆ. ತೀರ ಕುಸಿದಿದ್ದರೆ ಕುಸಿತಕ್ಕೆ ಕಾರಣವೇನೆಂದು ವಿಚಾರಿಸುತ್ತಾನೆ. ಆದರೆ ಇದೇ ವರ್ತಕನು ಷೇರುಪೇಟೆಗೆ ಕಾಲಿಟ್ಟಾಗ ಈ ಎಚ್ಚರಿಕೆಯನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದುಂಟು. ಅಲ್ಲಿ ಬೆಲೆ ಏರುತ್ತಿದೆ ಎಂಬುದೇ ಕೊಳ್ಳಲು ಕಾರಣವಾಗುತ್ತದೆ, ಬಹಳ ಇಳಿದಿದೆ ಎಂಬುದೂ ಕೊಳ್ಳಲು ಕಾರಣವಾಗುತ್ತದೆ.

ಅಂಗಡಿಯ ಆ ಲೆಕ್ಕಾಚಾರವನ್ನು ಷೇರಿನ ಬೆಲೆಗೆ ಅನ್ವಯಿಸುವ ಸರಳ ವಿಧಾನವೇ ಚಲಿಸುವ ಸರಾಸರಿಯಿಂದ ಬೆಲೆಯ ಅಂತರವನ್ನು ಅಳೆಯುವುದು. ಈ ಅಳತೆಯನ್ನು ದಲ್ಲಾಳಿ ಸಂಸ್ಥೆಗಳ ವರದಿಗಳಲ್ಲಿಯೂ ಮೊಬೈಲ್ ಆ್ಯಪ್‌ಗಳಲ್ಲಿಯೂ ಧಾರಾಳವಾಗಿ ಬಳಸಲಾಗುತ್ತಿದೆ. ಆದರೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ಬಗ್ಗೆ ಸಾಕಷ್ಟು ತಪ್ಪು ತಿಳಿವಳಿಕೆ ಇದೆ. ಅದನ್ನು ಭವಿಷ್ಯ ನುಡಿಯುವ ಸಾಧನವೆಂದು ಭಾವಿಸಿದವರು ಹಣ ಕಳೆದುಕೊಳ್ಳುತ್ತಾರೆ. ತಾನು ಹೊರಲಿರುವ ನಷ್ಟದ ಹೊರೆಯನ್ನು ಮೊದಲೇ ತೂಗಿ ನೋಡುವ ತಕ್ಕಡಿಯೆಂದು ಬಳಸಿದವರಿಗೆ ಅದರಿಂದ ಪ್ರಯೋಜನವಿದೆ.

ಲೆಕ್ಕದ ಬಗೆ

ಒಂದು ಷೇರಿನ ಕಳೆದ 50 ವಹಿವಾಟು ದಿನಗಳ ಅಂತಿಮ ಬೆಲೆಗಳನ್ನು ಕೂಡಿ 50ರಿಂದ ಭಾಗಿಸಿದರೆ 50 ದಿನಗಳ ಸರಾಸರಿ ದೊರೆಯುತ್ತದೆ. ಮರುದಿನ ಹೊಸ ಬೆಲೆಯೊಂದು ಸೇರುತ್ತದೆ, ಎಲ್ಲಕ್ಕಿಂತ ಹಳೆಯದು ಬಿಟ್ಟುಹೋಗುತ್ತದೆ. ಹೀಗೆ ದಿನದಿನಕ್ಕೂ ಮುಂದೆ ಸರಿಯುವುದರಿಂದ ಇದಕ್ಕೆ ಚಲಿಸುವ ಸರಾಸರಿ ಎಂಬ ಹೆಸರು. ಅಲ್ಪಾವಧಿಗೆ 20, ಮಧ್ಯಮಾವಧಿಗೆ 50, ದೀರ್ಘಾವಧಿಗೆ 200 ದಿನಗಳು ರೂಢಿಯಲ್ಲಿವೆ. ಇತ್ತೀಚಿನ ಬೆಲೆಗಳಿಗೆ ಹೆಚ್ಚಿನ ತೂಕ ಕೊಡುವ ಘಾತೀಯ ಸರಾಸರಿಯೂ ಉಂಟು. ಸಾಮಾನ್ಯ ಹೂಡಿಕೆದಾರನಿಗೆ ಸರಳ ಸರಾಸರಿಯೇ ಸಾಕು.

ಇಂದಿನ ಬೆಲೆಯಿಂದ ಸರಾಸರಿಯನ್ನು ಕಳೆದು, ಬಂದ ಮೊತ್ತವನ್ನು ಸರಾಸರಿಯಿಂದಲೇ ಭಾಗಿಸಿ 100ರಿಂದ ಗುಣಿಸಿದರೆ ಅಂತರವು ಶೇಕಡಾವಾರಿನಲ್ಲಿ ಸಿಗುತ್ತದೆ. ಸರಾಸರಿ 400 ರೂ., ಬೆಲೆ 460 ರೂ. ಎಂದಾದರೆ ಅಂತರ ಶೇ. 15. ಬೆಲೆ 340 ರೂ. ಇದ್ದರೆ ಅದೇ ಶೇ. 15, ಆದರೆ ಋಣ.

ಇದು ಹೊಸ ಆವಿಷ್ಕಾರವೇನೂ ಅಲ್ಲ. ಅಮೆರಿಕದ ಜೋಸೆಫ್ ಗ್ರಾನ್‌ವಿಲ್ 1960ರ ವೇಳೆಗೇ 200 ದಿನಗಳ ಸರಾಸರಿಯನ್ನು ಕುರಿತ ನಿಯಮಗಳನ್ನು ಪ್ರಚುರಪಡಿಸಿದ್ದರು. ಬೆಲೆಯು ಸರಾಸರಿಯಿಂದ ತೀರ ದೂರ ಸರಿದಾಗ ಅದರತ್ತ ಹಿಂದಿರುಗುವ ಪ್ರವೃತ್ತಿ ತೋರುತ್ತದೆ ಎಂಬುದು ಅವುಗಳಲ್ಲಿ ಒಂದು. ಜಪಾನಿನಲ್ಲಿ ಈ ಅಂತರಕ್ಕೆ ‘ಕೈರಿ ರಿತ್ಸು’ ಎನ್ನುತ್ತಾರೆ. ಅಗಲಿಕೆಯ ಪ್ರಮಾಣ ಎಂದು ಅರ್ಥ. ಅಲ್ಲಿನ ವ್ಯಾಪಾರಿಗಳಿಗೆ ಇದು ಬಹುಕಾಲದಿಂದ ಪರಿಚಿತ. ಜಪಾನಿನ ಮೇಣದಬತ್ತಿ ನಕಾಶೆಗಳನ್ನು 1991ರಲ್ಲಿ ಪಾಶ್ಚಾತ್ಯರಿಗೆ ಪರಿಚಯಿಸಿದ ಸ್ಟೀವ್ ನಿಸನ್ ಇದೇ ಅಳತೆಯನ್ನು ‘ಡಿಸ್ಪ್ಯಾರಿಟಿ ಇಂಡೆಕ್ಸ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದರು.

ಅಂತರ ಮುಚ್ಚುವುದು ಎರಡು ಬಗೆಯಲ್ಲಿ

‘ಬೆಲೆ ಸರಾಸರಿಗೆ ಹಿಂದಿರುಗಲೇಬೇಕು’ ಎಂಬ ಮಾತು ಷೇರುಪೇಟೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಗಣಿತದ ದೃಷ್ಟಿಯಿಂದ ಇದು ಬಹುಮಟ್ಟಿಗೆ ನಿಜ. ಆದರೆ ಇದರಿಂದ ‘ಬೆಲೆ ಇಳಿಯಲೇಬೇಕು’ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಅಂತರವೆಂಬುದು ಎರಡು ಬಿಂದುಗಳ ನಡುವಿನ ದೂರ; ಬೆಲೆಯೂ ಚಲಿಸುತ್ತದೆ, ಸರಾಸರಿಯೂ ಚಲಿಸುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಬಹುದು. ಒಂದು ಷೇರಿನ ಬೆಲೆ 50 ದಿನಗಳಲ್ಲಿ 340ರಿಂದ 460 ರೂ.ಗೆ ಒಂದೇ ಸಮನಾಗಿ ಏರಿದೆ. ಸರಾಸರಿ 400, ಅಂತರ ಶೇ. 15. ಇನ್ನು ಮುಂದೆ ಬೆಲೆ ಏರದೆ, ಇಳಿಯದೆ 460ರಲ್ಲಿಯೇ ನಿಂತುಬಿಟ್ಟಿತು ಎಂದಿಟ್ಟುಕೊಳ್ಳೋಣ. ಮೊದಲ ದಿನ 460 ಸೇರಿ 340 ಬಿಟ್ಟುಹೋಗುತ್ತದೆ. ವ್ಯತ್ಯಾಸವಾದ 120ನ್ನು 50ರಿಂದ ಭಾಗಿಸಿದರೆ, ಸರಾಸರಿ ಒಂದೇ ದಿನದಲ್ಲಿ 2.40 ರೂ. ಮೇಲೇರುತ್ತದೆ. 25 ದಿನ ಕಳೆಯುವ ಹೊತ್ತಿಗೆ ಸರಾಸರಿ 445ಕ್ಕೆ ಬಂದಿರುತ್ತದೆ, ಅಂತರ ಶೇ. 3.4ಕ್ಕೆ ಕುಗ್ಗಿರುತ್ತದೆ. 50 ದಿನಕ್ಕೆ ಅಂತರವೇ ಇಲ್ಲ. ಬೆಲೆ ಒಂದು ಪೈಸೆಯೂ ಇಳಿದಿಲ್ಲ. ಶೇ. 15ರ ಅಂತರವನ್ನು ಕಂಡು, ಇಳಿಯಲಿದೆ ಎಂದು ಮುಂಗಡ ಮಾರಾಟ ಮಾಡಿದವನಿಗೆ ದೊರೆತದ್ದು ವಹಿವಾಟು ವೆಚ್ಚದ ಬಿಲ್ಲು ಮಾತ್ರ.

ಕುಸಿತದಲ್ಲಿ ಇದೇ ಸಂಗತಿ ಹೆಚ್ಚು ಅಪಾಯಕಾರಿ. ಬೆಲೆ ಸರಾಸರಿಗಿಂತ ಬಹಳ ಕೆಳಗಿದೆ, ಇನ್ನೇನು ಮೇಲೇಳುತ್ತದೆ ಎಂದು ಕೊಂಡವನು ಕಾಯುತ್ತಾನೆ. ಅಂತರ ದಿನೇ ದಿನೇ ಕುಗ್ಗುತ್ತದೆ; ಆದರೆ ಅದು ಕುಗ್ಗುತ್ತಿರುವುದು ಬೆಲೆ ಏರುತ್ತಿರುವುದರಿಂದಲ್ಲ, ಸರಾಸರಿಯೇ ಕೆಳಗಿಳಿಯುತ್ತಿರುವುದರಿಂದ. 2008ರ ಅಕ್ಟೋಬರ್ 27ರಂದು ಮುಂಬಯಿ ಷೇರುಪೇಟೆಯ ಸಂವೇದಿ ಸೂಚ್ಯಂಕ 8,509.56ರಲ್ಲಿ ಮುಕ್ತಾಯವಾಯಿತು. ಅಂದು ಅದು 200 ದಿನಗಳ ಸರಾಸರಿಗಿಂತ ಶೇ. 40ಕ್ಕೂ ಹೆಚ್ಚು ಕೆಳಗಿತ್ತು. 2009ರ ಮಾರ್ಚ್ 9ರಂದು ಅಂತರವು ಶೇ. 30ರ ಆಸುಪಾಸಿಗೆ ಇಳಿದಿತ್ತು. ಅಂತರವನ್ನಷ್ಟೇ ನೋಡಿದವನಿಗೆ ಪರಿಸ್ಥಿತಿ ಸುಧಾರಿಸಿದಂತೆ ಕಾಣಬೇಕು. ಸೂಚ್ಯಂಕ ಮಾತ್ರ 8,160.40ರಲ್ಲಿತ್ತು, ಅಕ್ಟೋಬರಿಗಿಂತಲೂ ಕೆಳಗೆ.

ಇತಿಹಾಸದ ಸಾಕ್ಷ್ಯ

ವಿಪರೀತ ಅಂತರವು ಅಪಾಯದ ಸೂಚನೆಯೆಂಬುದಕ್ಕೆ ಎಲ್ಲರೂ ಉದಾಹರಿಸುವುದು 1992ನ್ನು. 1991ರ ಕೊನೆಗೆ 1,900ರ ಸಮೀಪವಿದ್ದ ಸಂವೇದಿ ಸೂಚ್ಯಂಕವು 1992ರ ಏಪ್ರಿಲ್ 2ರಂದು 4,467ಕ್ಕೆ ಮುಟ್ಟಿತು. ಅಂದರೆ ತನ್ನ 200 ದಿನಗಳ ಸರಾಸರಿಯ ಇಮ್ಮಡಿಗೂ ಮೇಲೆ. ಆ ತಿಂಗಳಲ್ಲಿಯೇ ಹರ್ಷದ್ ಮೆಹ್ತಾ ಹಗರಣ ಬಯಲಿಗೆ ಬಂದು ಪೇಟೆ ಕುಸಿಯಿತು. ಇಂತಹ ಅಂತರವನ್ನು ಕಂಡು ದೂರ ನಿಲ್ಲಲು ತಜ್ಞತೆಯೇನೂ ಬೇಕಿಲ್ಲ. ಕಷ್ಟವಿರುವುದು ಶೇ. 20, 30ರ ಅಂತರಗಳನ್ನು ಅರ್ಥಮಾಡಿಕೊಳ್ಳುವುದರಲ್ಲಿ.

ಎರಡು ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2008ರ ಜನವರಿ 8ರಂದು ಸಂವೇದಿ ಸೂಚ್ಯಂಕದ ಮುಕ್ತಾಯ 20,873. ಅದು 200 ದಿನಗಳ ಸರಾಸರಿಗಿಂತ ಕಾಲುಭಾಗಕ್ಕೂ ಹೆಚ್ಚು ಮೇಲಿತ್ತು. ಜನವರಿ 21ರಂದು ಒಂದೇ ದಿನ 1,408 ಅಂಶ ಕುಸಿಯಿತು. ವರ್ಷ ಮುಗಿಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮೌಲ್ಯ ಕರಗಿಹೋಯಿತು. ಎರಡನೆಯದು 2009ರ ಮೇ 18. ಲೋಕಸಭಾ ಚುನಾವಣೆಯ ಫಲಿತಾಂಶದ ನಂತರದ ಮೊದಲ ವಹಿವಾಟಿನ ದಿನವಾದ ಅಂದು ಸೂಚ್ಯಂಕವು 2,110.79 ಅಂಶ ಜಿಗಿದು 14,284.21ಕ್ಕೆ ಮುಟ್ಟಿ, ಮೇಲ್ಮಿತಿ ತಲುಪಿದ್ದರಿಂದ ವಹಿವಾಟೇ ಸ್ಥಗಿತವಾಯಿತು. ಅಂದೂ ಸರಾಸರಿಯಿಂದ ಅಂತರ ಕಾಲುಭಾಗಕ್ಕಿಂತ ಹೆಚ್ಚೇ. ಆದರೆ ಈ ಬಾರಿ ನಡೆದದ್ದೇ ಬೇರೆ. ಜುಲೈನಲ್ಲಿ ಸೂಚ್ಯಂಕ 14,000ದ ಕೆಳಗೆ ಒಮ್ಮೆ ಇಳಿಯಿತಾದರೂ, ವರ್ಷದ ಕೊನೆಗೆ 17,464ರಲ್ಲಿತ್ತು.

ಹೆಚ್ಚುಕಡಿಮೆ ಒಂದೇ ಅಂತರ, ತದ್ವಿರುದ್ಧ ಫಲ. ಕಾರಣವನ್ನು ಸರಾಸರಿಯ ರಚನೆಯಲ್ಲಿಯೇ ಕಾಣಬಹುದು. 2008ರ ಜನವರಿಯ ಸರಾಸರಿಯು ತಿಂಗಳುಗಟ್ಟಲೆ ಏರುತ್ತ ಬಂದ ಬೆಲೆಗಳಿಂದ ಕೂಡಿತ್ತು. ಏರುತ್ತಿದ್ದ ಸರಾಸರಿಯನ್ನೂ ಬಹಳ ಹಿಂದಿಕ್ಕಿ ಬೆಲೆ ಓಡಿತ್ತು. 2009ರ ಮೇ ತಿಂಗಳ ಸರಾಸರಿಯಲ್ಲಾದರೋ ಹಿಂದಿನ ಚಳಿಗಾಲದ ಕುಸಿತದ ಬೆಲೆಗಳೇ ತುಂಬಿದ್ದವು. ದೀರ್ಘ ಕುಸಿತದ ತರುವಾಯ ಪೇಟೆ ಚೇತರಿಸಿಕೊಳ್ಳುವಾಗ ಆರಂಭದಲ್ಲಿಯೇ ದೊಡ್ಡ ಅಂತರ ಕಾಣಿಸಿಕೊಳ್ಳುವುದು ಸಹಜ. ಆದುದರಿಂದ ಅಂತರದೊಂದಿಗೆ ಸರಾಸರಿಯ ದಿಕ್ಕನ್ನೂ, ಅದು ಎಷ್ಟು ಕಾಲದಿಂದ ಆ ದಿಕ್ಕಿನಲ್ಲಿದೆ ಎಂಬುದನ್ನೂ ನೋಡದಿದ್ದರೆ ಆ ಅಂಕಿ ಅರ್ಧ ಮಾಹಿತಿಯಷ್ಟೆ. ಇಷ್ಟನ್ನು ನೋಡಿದರೂ ಖಚಿತವಾಗಿ ಹೇಳಲು ಆಗದು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇಳಿಕೆಯ ಕಡೆಗೆ 2020ರ ಮಾರ್ಚ್ ಇನ್ನೂ ಹಸಿಯಾದ ಪಾಠ. ಮಾರ್ಚ್ 12ರಂದು ನಿಫ್ಟಿ 9,590.15ರಲ್ಲಿ ಮುಕ್ತಾಯವಾದಾಗ ಅದು 200 ದಿನಗಳ ಸರಾಸರಿಗಿಂತ ಆರನೇ ಒಂದು ಭಾಗಕ್ಕೂ ಹೆಚ್ಚು ಕೆಳಗಿತ್ತು. ‘ಇಷ್ಟು ಅಗ್ಗಕ್ಕೆ ಮತ್ತೆ ಸಿಗದು’ ಎಂದು ಅಂದು ಕೊಂಡವರು ಹಲವರು. ಅಲ್ಲಿಂದ ಏಳನೆಯ ವಹಿವಾಟು ದಿನವಾದ ಮಾರ್ಚ್ 23ರಂದು ನಿಫ್ಟಿ 7,610.25ಕ್ಕೆ ಬಿದ್ದಿತ್ತು, ಇನ್ನೂ ಶೇ. 20ರಷ್ಟು ನಷ್ಟ. ಅಂದು ಸರಾಸರಿಯಿಂದ ಅಂತರ ಸುಮಾರು ಮೂರನೇ ಒಂದು ಭಾಗ. ಅದೇ ತಳವಾಗಿತ್ತೆಂಬುದು, ಅಲ್ಲಿಂದ ಪೇಟೆ ಮೇಲೆದ್ದಿತೆಂಬುದು ಇಂದು ಎಲ್ಲರಿಗೂ ಗೊತ್ತು. ಅಂದು ಯಾರಿಗೂ ಗೊತ್ತಿರಲಿಲ್ಲ. ತಾಳಿಕೊಳ್ಳುವ ಶಕ್ತಿಯಿದ್ದವನಿಗೆ ಎರಡೂ ಖರೀದಿಗಳು ಕಡೆಗೆ ಲಾಭ ತಂದವು. ಸಾಲದ ಹಣದಲ್ಲಿ ಕೊಂಡವನ ಷೇರುಗಳನ್ನು ಆ ಏಳು ದಿನಗಳಲ್ಲಿಯೇ ದಲ್ಲಾಳಿ ಮಾರಿಬಿಟ್ಟಿರುತ್ತಾನೆ.

ಹಾಗಾದರೆ ಉಪಯೋಗವೇನು?

ಅಂತರವನ್ನು ತನ್ನ ಅಪಾಯದ ಅಳತೆಯಾಗಿ ಬಳಸುವುದು. ಇದನ್ನು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಈ ಭಾಗವನ್ನು ದಲ್ಲಾಳಿಗಳ ವರದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಒಬ್ಬ ಸಣ್ಣ ಕೈಗಾರಿಕೋದ್ಯಮಿಯು, ಷೇರು 50 ದಿನಗಳ ಸರಾಸರಿಗಿಂತ ಕೆಳಗೆ ಮುಕ್ತಾಯವಾದರೆ ಮಾರಿ ಹೊರಬರುವುದೆಂದು ನಿಯಮ ಮಾಡಿಕೊಂಡಿದ್ದಾನೆ ಎನ್ನೋಣ. ಒಂದು ವ್ಯವಹಾರದಲ್ಲಿ 6,000 ರೂ.ಗಿಂತ ಹೆಚ್ಚು ಕಳೆದುಕೊಳ್ಳಲು ಆತನು ಸಿದ್ಧನಿಲ್ಲ. ಸರಾಸರಿ 400 ರೂ. ಇರುವಾಗ 460 ರೂ.ಗೆ ಕೊಂಡರೆ ಪ್ರತಿ ಷೇರಿಗೆ ಹೊರುವ ನಷ್ಟ 60 ರೂ. ಆದ್ದರಿಂದ ಆತನು ಕೊಳ್ಳಬಹುದಾದದ್ದು 100 ಷೇರು ಮಾತ್ರ. ಅದೇ ಷೇರು 420 ರೂ.ಗೆ ಸಿಕ್ಕರೆ ಪ್ರತಿ ಷೇರಿನ ಅಪಾಯ 20 ರೂ.; 300 ಷೇರು ಕೊಂಡರೂ ನಷ್ಟದ ಮಿತಿ ಅದೇ 6,000. ಅಂತರ ಶೇ. 15 ಇದ್ದಾಗ ಮತ್ತು ಶೇ. 5 ಇದ್ದಾಗ ಕೊಳ್ಳುವ ಪ್ರಮಾಣ ಬೇರೆ ಬೇರೆಯಾಗಬೇಕೆಂಬುದು ಇದರಿಂದ ಸ್ಪಷ್ಟ. ಬೆಲೆ ಮುಂದೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವೇ ಬೇಕಾಗಿಲ್ಲ. ವಾಸ್ತವದಲ್ಲಿ ಜನರು ಮಾಡುವುದು ಇದಕ್ಕೆ ವಿರುದ್ಧ: ಬೆಲೆ ಸರಾಸರಿಯ ಬಳಿಯಿದ್ದಾಗ ಅನುಮಾನಿಸಿ ಸ್ವಲ್ಪ ಕೊಳ್ಳುತ್ತಾರೆ, ದೂರ ಓಡಿದ ಮೇಲೆ ಧೈರ್ಯ ಬಂದು ಹೆಚ್ಚು ಕೊಳ್ಳುತ್ತಾರೆ.

ಎಷ್ಟು ಅಂತರ ಹೆಚ್ಚು, ಎಷ್ಟು ಕಡಿಮೆ ಎಂಬುದಕ್ಕೆ ಎಲ್ಲ ಷೇರುಗಳಿಗೂ ಅನ್ವಯಿಸುವ ಒಂದೇ ಅಂಕಿಯಿಲ್ಲ. ಸಾಬೂನು, ಟೂತ್‌ಪೇಸ್ಟ್ ತಯಾರಿಸುವ ದೊಡ್ಡ ಕಂಪನಿಯ ಷೇರು 50 ದಿನಗಳ ಸರಾಸರಿಯಿಂದ ಶೇ. 15 ದೂರ ಹೋಗುವುದು ಅಪರೂಪ. ಉಕ್ಕಿನ ಕಂಪನಿಯ ಷೇರಿಗೆ ಅದು ಅಷ್ಟೇನೂ ಅಸಾಮಾನ್ಯವಲ್ಲ. ಆಯಾ ಷೇರಿನ ಕಳೆದ ಐದು ವರ್ಷಗಳ ಅಂತಿಮ ಬೆಲೆಗಳನ್ನು ಷೇರುಪೇಟೆಯ ಅಂತರ್ಜಾಲ ತಾಣದಿಂದ ಪಡೆದು ಎಕ್ಸೆಲ್ ಹಾಳೆಯಲ್ಲಿ ಹಾಕಿ, ಪ್ರತಿದಿನದ ಅಂತರವನ್ನು ಲೆಕ್ಕಹಾಕಿ, ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಆ ಷೇರಿನ ಸ್ವಭಾವ ತಿಳಿಯುತ್ತದೆ. ಗುಮಾಸ್ತನಿಗೆ ಒಂದು ಮಧ್ಯಾಹ್ನದ ಕೆಲಸ.

ಹೀಗೆ ಮಾಡುವಾಗ ಬೋನಸ್ ಮತ್ತು ಮುಖಬೆಲೆ ವಿಭಜನೆಯ ಬಗ್ಗೆ ಎಚ್ಚರವಿರಬೇಕು. ನಮ್ಮ ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೊಂದು ಬೋನಸ್ ನೀಡಿದಾಗ ಬೆಲೆ ಸುಮಾರು ಅರ್ಧಕ್ಕಿಳಿಯಿತು. ಷೇರುದಾರನಿಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಹಳೆಯ ಬೆಲೆಗಳನ್ನು ಎರಡರಿಂದ ಭಾಗಿಸಿ ಸರಿಪಡಿಸದೆ ಸರಾಸರಿ ತೆಗೆದರೆ ಷೇರು ಸರಾಸರಿಗಿಂತ ಶೇ. 50ರಷ್ಟು ಕೆಳಗಿರುವಂತೆ ಸುಳ್ಳು ಚಿತ್ರ ಮೂಡುತ್ತದೆ.

ಇನ್ನೊಂದು ಮಿತಿಯಿದೆ, ಇದಕ್ಕೆ ಎಕ್ಸೆಲ್‌ನಲ್ಲಿ ಪರಿಹಾರವಿಲ್ಲ. ಅಂತರಕ್ಕೆ ಕಾರಣ ತಿಳಿದಿರುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಲೆಕ್ಕಪತ್ರಗಳೇ ಸುಳ್ಳೆಂದು ಬಹಿರಂಗವಾದಾಗ ಷೇರು ಒಂದೇ ದಿನದಲ್ಲಿ 179 ರೂ.ಯಿಂದ 40 ರೂ.ಗೆ ಕುಸಿಯಿತು. ಸರಾಸರಿಯ ಲೆಕ್ಕದಲ್ಲಿ ಅದು ಅತ್ಯಂತ ‘ಅಗ್ಗ’. ಮುಂದಿನ ವಹಿವಾಟಿನ ದಿನವಾದ ಜನವರಿ 9ರಂದು ಅದು 24 ರೂ. ಆಸುಪಾಸಿನಲ್ಲಿತ್ತು. ಸರಾಸರಿಯಲ್ಲಿ ಸೇರಿದ್ದ ಹಳೆಯ ಬೆಲೆಗಳೆಲ್ಲ ಬೇರೊಂದು ಕಂಪನಿಯವು ಎನ್ನಬೇಕು. ಲೆಕ್ಕಪತ್ರದಲ್ಲಿ ತೋರಿಸಿದ್ದ ಆ ಕಂಪನಿ ಅಸ್ತಿತ್ವದಲ್ಲಿಯೇ ಇರಲಿಲ್ಲ. ಇಂತಹ ದಿನಗಳಲ್ಲಿ ಸರಾಸರಿಯ ಮಟ್ಟದಲ್ಲಿ ಮಾರಿ ಹೊರಬರುವ ಅವಕಾಶವೂ ಸಿಗುವುದಿಲ್ಲ. ಮೇಲಿನ 6,000 ರೂ. ಮಿತಿಯು ಸಾಮಾನ್ಯ ದಿನಗಳ ಮಿತಿ ಎಂಬುದನ್ನು ನೆನಪಿಡಬೇಕು. ಸಮಗ್ರ ಸೂಚ್ಯಂಕಗಳಿಗೆ ಈ ಅಳತೆ ಹೆಚ್ಚು ಒಪ್ಪುತ್ತದೆ, ಒಂಟಿ ಷೇರಿಗೆ ಕಡಿಮೆ.

ವೆಚ್ಚ, ತೆರಿಗೆ ಮತ್ತು ದುಡಿಯುವ ಬಂಡವಾಳ

ಬ್ರಾಕ್, ಲಕೊನಿಶಾಕ್ ಮತ್ತು ಲೆಬರಾನ್ ಎಂಬ ಮೂವರು ವಿದ್ವಾಂಸರು 1897ರಿಂದ 1986ರವರೆಗಿನ ಡೌ ಜೋನ್ಸ್ ಸೂಚ್ಯಂಕದ ಮೇಲೆ ಚಲಿಸುವ ಸರಾಸರಿಯ ನಿಯಮಗಳನ್ನು ಪರೀಕ್ಷಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಯಮಗಳಲ್ಲಿ ಹುರುಳಿದೆಯೆಂದೇ ಅವರ ಅಭಿಪ್ರಾಯ. ಆದರೆ ಅವುಗಳನ್ನು ಕಾರ್ಯರೂಪಕ್ಕೆ ತರುವ ಮುನ್ನ ವಹಿವಾಟು ವೆಚ್ಚವನ್ನು ಜಾಗರೂಕತೆಯಿಂದ ಪರಿಗಣಿಸಬೇಕೆಂದು ಅವರೇ ಎಚ್ಚರಿಸಿದರು. ನಮ್ಮಲ್ಲಿ ವಿತರಣೆ ಪಡೆದು ಮಾಡುವ ವಹಿವಾಟಿಗೆ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಷೇರು ವಹಿವಾಟು ತೆರಿಗೆಯಿದೆ. ಇದರ ಮೇಲೆ ದಲ್ಲಾಳಿ, ಮುದ್ರಾಂಕ ಶುಲ್ಕ ಇತ್ಯಾದಿ. ಹನ್ನೆರಡು ತಿಂಗಳೊಳಗೆ ಮಾರಿದ ನೋಂದಾಯಿತ ಷೇರುಗಳ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇ. 15ರಿಂದ 20ಕ್ಕೇರಿದೆ, ಅದಕ್ಕೂ ಹೆಚ್ಚು ಕಾಲ ಇಟ್ಟುಕೊಂಡರೆ ವರ್ಷಕ್ಕೆ 1.25 ಲಕ್ಷ ರೂ. ಮೀರಿದ ಲಾಭಕ್ಕೆ ಶೇ. 12.5. ಅಂತರ ಕುಗ್ಗಿದೊಡನೆ ಮಾರುವ ಅಭ್ಯಾಸವುಳ್ಳವನು ಹೆಚ್ಚಿನ ದರವನ್ನೇ ತೆರುತ್ತಾನೆ. ದಿನದೊಳಗೇ ಕೊಂಡು ಮಾರಿದರೆ ಅದು ಸಟ್ಟಾ ವ್ಯವಹಾರ. ಅದರ ನಷ್ಟವನ್ನು ಸಟ್ಟಾ ಲಾಭಕ್ಕಲ್ಲದೆ ಅಂಗಡಿಯ ಲಾಭಕ್ಕೆ ಹೊಂದಿಸುವಂತಿಲ್ಲ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ಅಂತರ ಮುಚ್ಚುವುದನ್ನು ಕಾಯುವುದು ಇನ್ನೂ ಕಷ್ಟ. ಕರಾರಿಗೆ ಗಡುವಿದೆ, ಅಂತರಕ್ಕೆ ಗಡುವಿಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಿಭಾಗದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ. ಮೀರಿತೆಂದೂ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ವರ್ತಕರಿಗೆ ಸಂಬಂಧಿಸಿದಂತೆ ಮುಖ್ಯ ಪ್ರಶ್ನೆ, ಕಾಯಲು ಬಳಸುವ ಹಣ ಯಾವುದು ಎಂಬುದು. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಂದ ಕೊಂಡ ಸರಕಿನ ಹಣವನ್ನು ಕರಾರಿದ್ದರೂ 45 ದಿನಗಳೊಳಗೆ, ಲಿಖಿತ ಕರಾರಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡರೆ, ಪಾವತಿಸಿದ ವರ್ಷದಲ್ಲಲ್ಲದೆ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2024-25ನೇ ಕರನಿರ್ಧಾರಣಾ ವರ್ಷದಿಂದ ಬಂದಿದೆ. ಫೆಬ್ರವರಿಯಲ್ಲಿ ಸರಾಸರಿಗಿಂತ ಶೇ. 15 ಕೆಳಗೆ ಕೊಂಡ ಷೇರು ಮಾರ್ಚ್ ಕೊನೆಗೆ ಶೇ. 20 ಕೆಳಗಿದ್ದರೆ, ನಷ್ಟಕ್ಕೆ ಮಾರಿ ಸರಬರಾಜುದಾರನಿಗೆ ಕೊಡಬೇಕು, ಇಲ್ಲವೇ ಷೇರನ್ನು ಇಟ್ಟುಕೊಂಡು ಕಟ್ಟಬೇಕಿಲ್ಲದ ಆದಾಯ ತೆರಿಗೆಯನ್ನು ಕಟ್ಟಬೇಕು. ಓವರ್‌ಡ್ರಾಫ್ಟ್ ಖಾತೆಯಿಂದ ಷೇರು ಕೊಂಡರೆ ಆ ಮೊತ್ತದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ಒಪ್ಪಿಸುವುದೂ ಕಠಿಣ.

ಮೇಲಿಂದ ಮೇಲೆ ಕೊಂಡು ಮಾರುವವರ ಲಾಭವನ್ನು ಬಂಡವಾಳ ಲಾಭವೆನ್ನಬೇಕೋ ವ್ಯಾಪಾರದ ಆದಾಯವೆನ್ನಬೇಕೋ ಎಂಬ ವಿವಾದ ಹಳೆಯದು. ಹೂಡಿಕೆಗೆಂದು ಒಂದು, ವಹಿವಾಟಿಗೆಂದು ಇನ್ನೊಂದು ಎಂದು ಎರಡು ಷೇರುಸಂಚಯಗಳನ್ನು ಇಟ್ಟುಕೊಳ್ಳಲು ಅವಕಾಶವುಂಟೆಂದು ಕೇಂದ್ರೀಯ ಪ್ರತ್ಯಕ್ಷ ತೆರಿಗೆಗಳ ಮಂಡಳಿಯು 2007ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ನೋಂದಾಯಿತ ಷೇರುಗಳ ವಿಷಯದಲ್ಲಿ ತೆರಿಗೆದಾರನ ಆಯ್ಕೆಗೆ, ಅದನ್ನು ಮುಂದಿನ ವರ್ಷಗಳಲ್ಲಿಯೂ ಬದಲಿಸದಿದ್ದರೆ, ಇಲಾಖೆ ತಕರಾರು ಮಾಡುವುದಿಲ್ಲವೆಂದು 2016ರ ಸುತ್ತೋಲೆ ಹೇಳಿದೆ. ಸರಾಸರಿಯ ಅಂತರ ನೋಡಿ ವ್ಯವಹರಿಸುವವರು ಅದಕ್ಕಾಗಿಯೇ ಪ್ರತ್ಯೇಕ ಡಿಮ್ಯಾಟ್ ಖಾತೆ ಮತ್ತು ಓವರ್‌ಡ್ರಾಫ್ಟ್ ಇಲ್ಲದ ಉಳಿತಾಯ ಖಾತೆಯೊಂದನ್ನು ಏಪ್ರಿಲ್ ತಿಂಗಳಲ್ಲಿಯೇ ತೆರೆದು, ಪ್ರತಿ ಖರೀದಿಯ ದಿನ ಬೆಲೆ, ಸರಾಸರಿ, ಅಂತರ ಮತ್ತು ಮಾರುವ ಮಟ್ಟ ಇವಿಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಮುಂದಿನ ಮಾರ್ಚ್‌ನಲ್ಲಿ ಲೆಕ್ಕಪರಿಶೋಧಕನ ಕೆಲಸವೂ ಹಗುರ.